ಲೆಕ್ಕಕ್ಕೆ ಸಿಗದ ಹಳ್ಳಿ ಮತ

ಅಮೆರಿಕದ ಅಧ್ಯಕ್ಷೀಯ ಚುನಾವಣೆ ಮುಗಿದೊಡನೆ ಕೌಂಟಿವಾರು ಫಲಿತಾಂಶದ ಭೂಪಟವೊಂದು ಎಲ್ಲೆಡೆ ಹರಿದಾಡುತ್ತದೆ. ಉದ್ದಗಲಕ್ಕೂ ರಿಪಬ್ಲಿಕನ್ ಪಕ್ಷದ ಕೆಂಪು. ಕರಾವಳಿಯಲ್ಲಿ, ದೊಡ್ಡ ನಗರಗಳ ಸುತ್ತ ಅಲ್ಲಲ್ಲಿ ಡೆಮಾಕ್ರಟಿಕ್ ಪಕ್ಷದ ನೀಲಿ. ಆ ಬಣ್ಣ ನೆಲದ ವಿಸ್ತಾರವನ್ನು ತೋರಿಸುತ್ತದೆಯೇ ಹೊರತು ಜನರ ಸಂಖ್ಯೆಯನ್ನಲ್ಲ. 2020ರ ಜನಗಣತಿಯಂತೆ ಟೆಕ್ಸಸ್‌ನ ಲವಿಂಗ್ ಕೌಂಟಿಯಲ್ಲಿದ್ದವರು 64 ಮಂದಿ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಒಂದು ಕೋಟಿ. 50 ರಾಜ್ಯಗಳ ಪೈಕಿ 40ರಲ್ಲಿ ಅಷ್ಟು ಜನರಿಲ್ಲ.

ಆದರೂ ಈ ಭೂಪಟವನ್ನೇ ಮುಂದಿಟ್ಟುಕೊಂಡು ಅಧ್ಯಕ್ಷರನ್ನು ರಾಜ್ಯವಾರು ಎಲೆಕ್ಟರುಗಳ ಮೂಲಕ ಆರಿಸುವ ಎಲೆಕ್ಟೋರಲ್ ಕಾಲೇಜನ್ನು ಸಮರ್ಥಿಸುವವರು ಬಹಳ. ನೇರ ಮತದಾನ ಬಂದರೆ ನ್ಯೂಯಾರ್ಕ್, ಲಾಸ್ ಏಂಜಲೀಸ್, ಷಿಕಾಗೋಗಳೇ ಅಧ್ಯಕ್ಷರನ್ನು ಆರಿಸಿಬಿಡುತ್ತವೆ, ರೈತನ ಮಾತು ಕೇಳುವವರಿರುವುದಿಲ್ಲ ಎಂಬುದು ಅವರ ವಾದ. ಈ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಗಿರಣಿ ಮುಚ್ಚಿದ, ಆಸ್ಪತ್ರೆ ಮುಚ್ಚಿದ, ಮಕ್ಕಳು ಊರು ಬಿಟ್ಟುಹೋದ ಪ್ರದೇಶಗಳ ಜನಕ್ಕೆ ತಮ್ಮನ್ನು ಯಾರೂ ಲೆಕ್ಕಕ್ಕಿಟ್ಟಿಲ್ಲ ಎನ್ನಿಸುವುದು ಸಹಜ. ಆದರೆ ಅವರನ್ನು ಕಾಯುತ್ತದೆ ಎಂದು ಹೇಳಿಕೊಳ್ಳುವ ಈ ವ್ಯವಸ್ಥೆಯೇ ಲಕ್ಷಾಂತರ ಹಳ್ಳಿಗರ ಮತವನ್ನು ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಅಳಿಸಿಹಾಕುತ್ತಿದೆ.

ಪ್ರತಿ ರಾಜ್ಯಕ್ಕೂ ಕೆಳಮನೆಯಲ್ಲಿ ಅದಕ್ಕಿರುವ ಸ್ಥಾನಗಳ ಜೊತೆ ಸೆನೆಟ್‌ನ ಎರಡನ್ನು ಸೇರಿಸಿದಷ್ಟು ಎಲೆಕ್ಟರುಗಳು. ರಾಜಧಾನಿ ವಾಷಿಂಗ್ಟನ್ನಿನ ಮೂವರೂ ಸೇರಿ ಒಟ್ಟು 538. ಗೆಲ್ಲಲು 270 ಬೇಕು. ವಯೋಮಿಂಗ್‌ನಲ್ಲಿ ಸುಮಾರು 1.92 ಲಕ್ಷ ಜನಕ್ಕೆ ಒಬ್ಬ ಎಲೆಕ್ಟರ್, ಕ್ಯಾಲಿಫೋರ್ನಿಯಾದಲ್ಲಿ 7.3 ಲಕ್ಷ ಜನಕ್ಕೆ ಒಬ್ಬ. ಹಳ್ಳಿಗೆ ಅನುಕೂಲವಾಯಿತಲ್ಲ ಎನ್ನಿಸುವುದು ಇಲ್ಲೇ. ಆದರೆ ಸಣ್ಣ ರಾಜ್ಯವೆಲ್ಲ ಹಳ್ಳಿಯ ರಾಜ್ಯವಲ್ಲ. ರೋಡ್ ಐಲೆಂಡ್ ಪುಟ್ಟದು, ಬಹುಪಾಲು ನಗರವೇ. ಹಳ್ಳಿಗರ ಪ್ರಮಾಣ ಅತಿ ಹೆಚ್ಚಿರುವ ವರ್ಮಾಂಟ್ ಮೂರು ದಶಕಗಳಿಂದ ಡೆಮಾಕ್ರಟಿಕ್ ಪಕ್ಷವನ್ನೇ ಆರಿಸುತ್ತಿದೆ.

ನಿಜವಾದ ಗಂಟಿರುವುದು ಇನ್ನೊಂದು ಕಡೆ. 48 ರಾಜ್ಯಗಳಲ್ಲಿ, ಒಂದೇ ಒಂದು ಮತ ಹೆಚ್ಚು ಪಡೆದವರಿಗೂ ಆ ರಾಜ್ಯದ ಎಲ್ಲ ಎಲೆಕ್ಟರುಗಳು. ಸಂವಿಧಾನ ಹೀಗೇ ಮಾಡಬೇಕೆಂದು ಎಲ್ಲೂ ಹೇಳಿಲ್ಲ. ರಾಜ್ಯಗಳು ತಾವಾಗಿ ಮಾಡಿಕೊಂಡ ಕಾನೂನು ಇದು. 2020ರಲ್ಲಿ ಡೊನಾಲ್ಡ್ ಟ್ರಂಪ್‌ಗೆ ಅತಿ ಹೆಚ್ಚು ಮತ ಕೊಟ್ಟ ರಾಜ್ಯ ಟೆಕ್ಸಸ್ ಅಲ್ಲ, ಕ್ಯಾಲಿಫೋರ್ನಿಯಾ: 60 ಲಕ್ಷಕ್ಕೂ ಮೇಲೆ. ಸೆಂಟ್ರಲ್ ವ್ಯಾಲಿಯ ಬಾದಾಮಿ ಬೆಳೆಗಾರರು, ಈಶಾನ್ಯ ಮೂಲೆಯ ಮೋಡಾಕ್, ಲಾಸೆನ್ ಕೌಂಟಿಗಳ ದನಗಾಹಿಗಳು ಇವರಲ್ಲಿದ್ದರು. ಆ ರಾಜ್ಯದ 55 ಎಲೆಕ್ಟರುಗಳೂ ಜೋ ಬೈಡನ್ ಪಾಲಾದರು. ಮಿಸ್ಸಿಸ್ಸಿಪ್ಪಿ ಡೆಲ್ಟಾದ ಹತ್ತಿ ನೆಲದಲ್ಲಿ ಬದುಕುವ ಕಪ್ಪು ಜನರ ಗತಿಯೂ ಇದೇ, ಪಕ್ಷ ಮಾತ್ರ ಬೇರೆ. ಅವರಲ್ಲಿ ಹೆಚ್ಚಿನವರು ಡೆಮಾಕ್ರಟರಿಗೆ ಮತ ಹಾಕುತ್ತಾರೆ. ಆ ರಾಜ್ಯ 1976ರ ನಂತರ ಒಮ್ಮೆಯೂ ಆ ಪಕ್ಷಕ್ಕೆ ಒಲಿದಿಲ್ಲ. ಅಷ್ಟು ಚುನಾವಣೆಗಳಲ್ಲಿ ಅವರ ಮತದಿಂದ ಒಬ್ಬ ಎಲೆಕ್ಟರೂ ಹುಟ್ಟಲಿಲ್ಲ. ಹಳ್ಳಿಯ ರಕ್ಷಣೆಯ ಬಗ್ಗೆ ಮಾತಾಡುವವರ ಬಾಯಲ್ಲಿ ಈ ಹಳ್ಳಿಗರ ಹೆಸರು ಬರುವುದೇ ಇಲ್ಲ.

2016ರಲ್ಲಿ ಹಿಲರಿ ಕ್ಲಿಂಟನ್ ದೇಶದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದರು. ಸೋತದ್ದು ಪೆನ್ಸಿಲ್ವೇನಿಯಾ, ಮಿಷಿಗನ್, ವಿಸ್ಕಾನ್ಸಿನ್‌ಗಳ ಸುಮಾರು 78 ಸಾವಿರ ಮತಗಳ ಅಂತರದಲ್ಲಿ. ಅಲ್ಲಿನ ಹಳ್ಳಿ, ಸಣ್ಣ ಪಟ್ಟಣಗಳ ಸಿಟ್ಟು ಜಗತ್ತಿಗೆ ಕೇಳಿಸಿತು, ನಿಜ. ಅದೇ ಸಿಟ್ಟು ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಊರುಗಳಲ್ಲೂ ಇದೆ. ಫಲಿತಾಂಶ ಮೊದಲೇ ಗೊತ್ತಿರುವ ಆ ರಾಜ್ಯಕ್ಕೆ ಅಭ್ಯರ್ಥಿ ಹೋಗಿ ಗಳಿಸುವುದೇನೂ ಇಲ್ಲ. ಅಮೆರಿಕದಲ್ಲಿ ನೆಲೆಸಿ ಪೌರತ್ವ ಪಡೆದ ಕನ್ನಡಿಗರ ಅನುಭವವೂ ಬೇರೆಯಲ್ಲ: ಡೆಟ್ರಾಯಿಟ್ ಸುತ್ತಲಿನವರ ಒಂದೊಂದು ಮತಕ್ಕೂ ಎರಡೂ ಪಕ್ಷ ಕೈಚಾಚುತ್ತವೆ, ಸಿಲಿಕಾನ್ ವ್ಯಾಲಿಯವರ ಮತ ಯಾರಿಗೂ ಬೇಕಿಲ್ಲ.

ಈ ವ್ಯವಸ್ಥೆ ಕಟ್ಟಿದವರ ಮನಸ್ಸಿನಲ್ಲಾದರೂ ಹಳ್ಳಿ ಇತ್ತೇ? 1790ರ ಮೊದಲ ಜನಗಣತಿಯಲ್ಲಿ ನಗರವಾಸಿಗಳು ನೂರಕ್ಕೆ ಐದು ಮಂದಿ. ದೇಶವೇ ಹಳ್ಳಿಯಾಗಿದ್ದಾಗ ಹಳ್ಳಿಯನ್ನು ಯಾರಿಂದ ಕಾಯಬೇಕಿತ್ತು? 1787ರಲ್ಲಿ ಫಿಲಡೆಲ್ಫಿಯಾದ ಸಭೆಯಲ್ಲಿ ಜೇಮ್ಸ್ ವಿಲ್ಸನ್ ನೇರ ಚುನಾವಣೆಯನ್ನು ಸೂಚಿಸಿದ್ದರು. ನೇರ ಚುನಾವಣೆಯೇ ಮೇಲೆಂದು ಒಪ್ಪಿದ ಜೇಮ್ಸ್ ಮ್ಯಾಡಿಸನ್, ಅದರಲ್ಲಿ ದಕ್ಷಿಣಕ್ಕೆ ಬಲ ಸಿಗದೆಂದರು. ಅಲ್ಲಿನ ಲಕ್ಷಾಂತರ ಗುಲಾಮರಿಗೆ ಮತವಿರಲಿಲ್ಲ. ಎಲೆಕ್ಟರುಗಳ ಲೆಕ್ಕದಲ್ಲಾದರೆ ಐವರು ಗುಲಾಮರನ್ನು ಮೂವರೆಂದು ಎಣಿಸಿ ಒಡೆಯರ ರಾಜ್ಯಕ್ಕೆ ಬಲ ತುಂಬಬಹುದಿತ್ತು. ಗಣತಂತ್ರದ ಮೊದಲ 36 ವರ್ಷಗಳಲ್ಲಿ 32 ವರ್ಷ ದಕ್ಷಿಣದ ವರ್ಜೀನಿಯಾದವರೇ ಅಧ್ಯಕ್ಷರಾಗಿದ್ದರು. ಬೇರೆ ಕಾರಣಗಳೂ ಇದ್ದವು: ಅಧ್ಯಕ್ಷನನ್ನು ಸಂಸತ್ತೇ ಆರಿಸಿದರೆ ಅವನು ಅದರ ಕೈಗೊಂಬೆಯಾದಾನೆಂಬ ಭಯ, ದೂರದೂರದ ಜನಕ್ಕೆ ಅಭ್ಯರ್ಥಿಗಳ ಪರಿಚಯವಿಲ್ಲದ ತೊಡಕು. ರೈತ ಮತ್ತು ನಗರದ ಜಗಳ ಮಾತ್ರ ಆಗ ಈ ವ್ಯವಸ್ಥೆಗೆ ಕಾರಣವಾಗಿರಲಿಲ್ಲ.

ನೇರ ಮತದಾನಕ್ಕೂ ತೊಡಕಿದೆ. ಅಂತರ ತೀರಾ ಕಡಿಮೆಯಾದರೆ ದೇಶವಿಡೀ ಮರುಎಣಿಕೆ ಬೇಕಾದೀತು. 2000ದಲ್ಲಿ ಆ ಗೊಂದಲ ಫ್ಲಾರಿಡಾ ಒಂದರಲ್ಲೇ ನಿಂತಿತು. ಇದು ತೂಕದ ಮಾತು. ಆದರೆ ಆ ವರ್ಷ ಡೆಮಾಕ್ರಟಿಕ್ ಅಭ್ಯರ್ಥಿ ಆಲ್ ಗೋರ್ ದೇಶದಲ್ಲಿ 5 ಲಕ್ಷಕ್ಕೂ ಹೆಚ್ಚು ಮತಗಳಿಂದ ಮುಂದಿದ್ದು, ಫ್ಲಾರಿಡಾದ 537 ಮತಗಳಿಂದ ಸೋತರು. ನಗರಗಳೇ ಎಲ್ಲವನ್ನೂ ನಿರ್ಧರಿಸುತ್ತವೆ ಎಂಬ ಭಯಕ್ಕಂತೂ ಅಂಕಿಗಳ ಆಸರೆಯಿಲ್ಲ. ಅತಿ ದೊಡ್ಡ 100 ನಗರಗಳ ಜನ ದೇಶದ ಐದನೇ ಒಂದು ಪಾಲಿನ ಆಸುಪಾಸು. ಹಳ್ಳಿಗರೂ ಅಷ್ಟೇ ಇದ್ದಾರೆ.

ಆ 48ರ ಹೊರಗುಳಿದ ಮೇನ್ ಮತ್ತು ನೆಬ್ರಾಸ್ಕಾ ಕ್ಷೇತ್ರವಾರು ಎಲೆಕ್ಟರುಗಳನ್ನು ಹಂಚುತ್ತವೆ. ಮೇನ್‌ನ ಉತ್ತರದ ಕಾಡು-ಹಳ್ಳಿಗಳ ಎರಡನೇ ಕ್ಷೇತ್ರ 2016ರಿಂದ ಮೂರು ಬಾರಿಯೂ ತನ್ನ ಒಬ್ಬ ಎಲೆಕ್ಟರನ್ನು ಟ್ರಂಪ್‌ಗೆ ಕೊಟ್ಟಿದೆ. ಹಳ್ಳಿಯ ದನಿ ಉಳಿದದ್ದು ಇಲ್ಲಿ. ಆದರೆ ಇದನ್ನೇ ದೇಶಕ್ಕೆಲ್ಲ ಹರಡಿದರೆ ಕ್ಷೇತ್ರದ ಗಡಿ ಗೀಚುವವರದೇ ರಾಜ್ಯಭಾರವಾಗುತ್ತದೆ. ಹಾಗಾಗಿ ನೇರ ಮತದಾನವೇ ಸರಿಯೆಂಬುದು ನನ್ನ ನಿಲುವು.

ಅದು ಒಮ್ಮೆ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ಇಂಡಿಯಾನಾದ ಸೆನೆಟರ್ ಬರ್ಚ್ ಬೈ ಮುಂದೆ ನಿಂತು ನಡೆಸಿದ ತಿದ್ದುಪಡಿಗೆ 1969ರಲ್ಲಿ ಕೆಳಮನೆ 338-70 ಮತಗಳಿಂದ ಒಪ್ಪಿಗೆ ಕೊಟ್ಟಿತು. ರಿಪಬ್ಲಿಕನ್ ಅಧ್ಯಕ್ಷ ನಿಕ್ಸನ್ ಬೆಂಬಲ ಸಾರಿದರು. ಮರುವರ್ಷ ಸೆನೆಟ್‌ನಲ್ಲಿ ಅದನ್ನು ಚರ್ಚೆಯಲ್ಲೇ ಸಿಕ್ಕಿಸಿ ಕೊಂದವರ ಮುಂದಾಳುಗಳು ಸ್ಟ್ರೋಮ್ ಥರ್ಮಂಡ್, ಜೇಮ್ಸ್ ಈಸ್ಟ್‌ಲ್ಯಾಂಡ್‌ರಂಥ ದಕ್ಷಿಣದ ವರ್ಣಭೇದವಾದಿಗಳು. ಈಸ್ಟ್‌ಲ್ಯಾಂಡ್ ಮಿಸ್ಸಿಸ್ಸಿಪ್ಪಿ ಡೆಲ್ಟಾದ ದೊಡ್ಡ ತೋಟದ ಒಡೆಯ.