ಒಂದೇ ತೀರ್ಮಾನದ ಎರಡು ನಾಬ್‌ಗಳು

ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡು ಮಿಕ್ಸ್ ಮಾಡುವವರ ಬಾಯಲ್ಲಿ ಈಗ ಒಂದು ಸೂತ್ರ ಮಗ್ಗಿಯ ಹಾಗೆ ಕೂತುಬಿಟ್ಟಿದೆ: ಬೇಸ್ ಮೊನೊದಲ್ಲಿರಲಿ, ಮಧ್ಯ ಶ್ರೇಣಿಗೆ ಒಂದಿಷ್ಟು ಸ್ಯಾಚುರೇಶನ್ ಹಾಕು, ಮೇಲಿನದ್ದನ್ನು ಅಗಲ ಮಾಡು. ಮಗ್ಗಿಗೆ ತಕ್ಕ ಪ್ಲಗ್‌ಇನ್‌ಗಳೂ ಇವೆ. ಫ್ಯಾಬ್‌ಫಿಲ್ಟರ್ ಕಂಪನಿಯ ಸ್ಯಾಟರ್ನ್ ಧ್ವನಿಯನ್ನು ಆರು ಪಟ್ಟಿಗಳವರೆಗೆ ಸೀಳಿ ಪ್ರತಿಯೊಂದಕ್ಕೂ ಬೇರೆ ಡ್ರೈವ್ ಕೊಡುತ್ತದೆ. ಐಜೋಟೋಪ್‌ನ ಓಜೋನ್‌ನಲ್ಲಿರುವ ಇಮೇಜರ್ ನಾಲ್ಕು ಪಟ್ಟಿಗಳಿಗೆ ನಾಲ್ಕು ಅಗಲ ಕೊಡುತ್ತದೆ. ಪರದೆಯ ಮೇಲೆ ಬಣ್ಣದ ಪಟ್ಟಿಗಳು ಬಡಾವಣೆಯ ಸೈಟುಗಳಂತೆ ಬೇಲಿ ಹಾಕಿಕೊಂಡು ಕೂತಿರುವುದನ್ನು ನೋಡಿದರೆ, ಒಂದರಲ್ಲಿ ಮಾಡಿದ್ದು ಇನ್ನೊಂದಕ್ಕೆ ತಾಗುವುದಿಲ್ಲ, ಸ್ಯಾಚುರೇಶನ್ ಒಂದು ಕೆಲಸ, ಅಗಲ ಬೇರೆಯೇ ಕೆಲಸ ಎಂಬ ನಂಬಿಕೆ ತಾನಾಗಿ ಹುಟ್ಟುತ್ತದೆ. ನನ್ನ ತಕರಾರು ಇರುವುದು ಈ ನಂಬಿಕೆಯ ಮೇಲೆ. ಇವೆರಡೂ ಒಂದೇ ತೀರ್ಮಾನದ ಎರಡು ಕೊನೆಗಳು. ಬೇರೆ ಬೇರೆ ಎಂದುಕೊಂಡು ತಿರುಗಿಸಿದರೆ ಒಂದು ಕಟ್ಟಿದ್ದನ್ನು ಇನ್ನೊಂದು ಕೆಡವುತ್ತದೆ.

ಸ್ಯಾಚುರೇಶನ್ ಎಂದರೆ ಹದವರಿತು ಕೆಡಿಸುವುದು. ಟೇಪು, ವಾಲ್ವು, ಟ್ರಾನ್ಸ್‌ಫಾರ್ಮರುಗಳು ತಮ್ಮ ಮಿತಿಯ ಹತ್ತಿರ ಬಂದಾಗ ಅಲೆಯ ನೆತ್ತಿ ಬಾಗುತ್ತದೆ, ಮೂಲದಲ್ಲಿಲ್ಲದ ಹಾರ್ಮೋನಿಕ್‌ಗಳು ಹುಟ್ಟುತ್ತವೆ. ಬಾಗು ಮೇಲೂ ಕೆಳಗೂ ಒಂದೇ ಸಮನಾಗಿದ್ದರೆ ಮೂರನೆಯದು, ಐದನೆಯದು. ಒಂದು ಬದಿಗೆ ಹೆಚ್ಚು ಬಾಗಿದರೆ ಎರಡನೆಯದೂ ಸೇರುತ್ತದೆ. ಕನ್ನಡದ ಕಿವಿಗೆ ಇದು ಪರಕೀಯವೇನಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲಿನ ಎಳೆ ತೂರಿಸಿ ಅತ್ತಿತ್ತ ಸರಿಸುವುದು ಇಂಥದೇ ಲಾಭಕ್ಕೆ. ತಂತಿ ಕುದುರೆಯ ಇಳಿಜಾರಿಗೆ ತಾಗಿ ತಾಗಿ ಬಿಡುವಾಗ ಮೇಲಿನ ಸ್ವರಾಂಶಗಳು ಮಿನುಗುತ್ತವೆ. ಎಳೆ ಕೂದಲಷ್ಟು ಆಚೀಚೆಯಾದರೂ ನಾದ ಮಂಕಾಗುತ್ತದೆ. ಫೋನಿನ ಸ್ಪೀಕರಿಗೆ 50 ಹರ್ಟ್ಜ್ ನುಡಿಸುವ ತಾಕತ್ತಿಲ್ಲ, ಆದರೆ 100, 150, 200ರ ಹಾರ್ಮೋನಿಕ್‌ಗಳು ಕೇಳಿಸಿದರೆ ಇಲ್ಲದ ಬೇಸನ್ನು ಕಿವಿಯೇ ಊಹಿಸಿಕೊಳ್ಳುತ್ತದೆ. ಇಷ್ಟು ಲಾಭವಿದೆ. ಆದರೆ ಇಡೀ ಹಾಡನ್ನು ಒಂದೇ ಬಾಗಿನೊಳಗೆ ತಳ್ಳಿದರೆ ಡೊಳ್ಳಿನ 60 ಹರ್ಟ್ಜ್ ಮತ್ತು ಗಾಯಕಿಯ 400 ಹರ್ಟ್ಜ್ ಕೂಡಿ 460, ಕಳೆದು 340 ಆಗಿ, ಯಾವ ಶ್ರುತಿಗೂ ಸೇರದ ಕೂಸುಗಳು ಹುಟ್ಟುತ್ತವೆ. ಪಟ್ಟಿಗಳಾಗಿ ಸೀಳಿದರೆ ಈ ಕಲಬೆರಕೆ ತಪ್ಪುತ್ತದೆ. ಮಲ್ಟಿಬ್ಯಾಂಡ್ ಬರಿಯ ಶೋಕಿ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಹಾಗಾದರೆ ಎಲ್ಲಿ ಸೀಳಬೇಕು? ಪ್ರೀಸೆಟ್‌ಗೆ ಹಾಡು ಗೊತ್ತಿಲ್ಲ. ಗಾಯಕ ಕಪ್ಪು ಒಂದರ ಶ್ರುತಿಯಲ್ಲಿ ಹಾಡುತ್ತಿದ್ದಾನೆ ಎನ್ನಿ. ಮಧ್ಯ ಷಡ್ಜ ಸುಮಾರು 139 ಹರ್ಟ್ಜ್, ಪಂಚಮ 208, ತಾರ ಷಡ್ಜ 277. ಪಟ್ಟಿ ಸೀಳುವ ಜಾಗವಾದ ಕ್ರಾಸ್‌ಓವರನ್ನು 250ಕ್ಕೆ ಇಟ್ಟರೆ ಧೈವತದ ಮೂಲಸ್ವರ ಬೇಲಿಯ ಈಚೆ, ಕಾಕಲಿ ನಿಷಾದದ್ದು ಆಚೆ. ಆತ ಧೈವತದಿಂದ ನಿಷಾದಕ್ಕೆ ಜಾರುವ ಅರ್ಧ ಸೆಕೆಂಡಿನಲ್ಲಿ ಅದೇ ಗಂಟಲು ಎರಡು ಬಣ್ಣಕ್ಕೆ ತಿರುಗುತ್ತದೆ. ಮೇಲಿನ ಪಟ್ಟಿಯನ್ನು ಅಗಲವೂ ಮಾಡಿದ್ದರೆ ಮುಗಿಯಿತು, ಗಾಯಕ ಪ್ರತಿ ಗಮಕಕ್ಕೂ ಉಬ್ಬಿ ಕುಗ್ಗಿ ಉಸಿರಾಡಿದಂತೆ ಕೇಳಿಸುತ್ತದೆ. ಕ್ರಾಸ್‌ಓವರ್ ಗೆರೆಯಲ್ಲ, ಇಳಿಜಾರು, ಅಷ್ಟೇನೂ ಎದ್ದುಕಾಣುವುದಿಲ್ಲ ಎಂದು ಹೇಳುವವರಿದ್ದಾರೆ. ಇಳಿಜಾರು ಹೌದು. ಆದರೆ ಆ ಇಳಿಜಾರಿನಲ್ಲಿ ಎರಡೂ ಪಟ್ಟಿಗಳು ಒಟ್ಟಿಗೆ ನುಡಿಯುತ್ತವೆ. ಒಂದನ್ನು ಮಾತ್ರ ಬಾಗಿಸಿದರೆ, ಮುಟ್ಟದೆ ಬಿಟ್ಟಾಗ ಸರಿಯಾಗಿ ಕೂಡಿಕೊಳ್ಳುತ್ತಿದ್ದ ಲೆಕ್ಕ ಆಮೇಲೆ ಕೂಡುವುದಿಲ್ಲ.

ಇನ್ನು ಅಗಲ. ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಅಲನ್ ಬ್ಲಮ್‌ಲೈನ್ 1931ರಲ್ಲಿ ಸ್ಟೀರಿಯೊ ಪೇಟೆಂಟಿಗೆ ಅರ್ಜಿ ಹಾಕಿದಾಗಲೇ ಎಡ ಬಲಗಳನ್ನು ಕೂಡಿಸುವ, ಕಳೆಯುವ ಉಪಾಯ ಅದರಲ್ಲಿತ್ತು. ಕೂಡಿದ್ದು ಮಿಡ್, ಕಳೆದದ್ದು ಸೈಡ್. ಅಗಲ ಮಾಡುವುದು ಎಂದರೆ ಸಾಮಾನ್ಯವಾಗಿ ಸೈಡನ್ನು ಏರಿಸುವುದು. ಸೈಡ್ ಎಡ ಕಿವಿಗೆ ಪ್ಲಸ್ ಆಗಿ, ಬಲ ಕಿವಿಗೆ ಮೈನಸ್ ಆಗಿ ಹೋಗುತ್ತದೆ, ಅದರ ಮಾಯೆಯೆಲ್ಲ ಆ ಮೈನಸ್‌ನಲ್ಲಿದೆ. ಈಗ ಎರಡೂ ಚಾನೆಲ್‌ಗಳನ್ನು ಎರಡನೆಯ ಹಾರ್ಮೋನಿಕ್ ಹುಟ್ಟಿಸುವ ಸ್ಯಾಚುರೇಟರಿಗೆ ಕೊಡಿ. ಎರಡನೆಯ ಹಾರ್ಮೋನಿಕ್ ವರ್ಗದಿಂದ ಬರುವಂಥದು, ವರ್ಗ ಮಾಡಿದರೆ ಮೈನಸ್ಸೂ ಪ್ಲಸ್ಸೇ. ಸೈಡ್‌ನಲ್ಲಿದ್ದ ಕೋರಸ್ಸಿನ ಹಾರ್ಮೋನಿಕ್ ಎರಡು ಕಿವಿಗೂ ಒಂದೇ ಚಿಹ್ನೆಯಲ್ಲಿ ತಲುಪಿ ನಟ್ಟನಡುವೆ, ಗಾಯಕಿಯ ಬಾಯಿಯ ಮೇಲೆಯೇ ಬಂದು ಕೂರುತ್ತದೆ. ಅಗಲ ಮಾಡಿ ಆಮೇಲೆ ಸ್ಯಾಚುರೇಶನ್ನಿನ ಬಿಸುಪು ಕೊಟ್ಟವನಿಗೆ ನಡುಭಾಗ ಗಜಿಬಿಜಿ ಅನ್ನಿಸುತ್ತದೆ, ಚಿತ್ರ ಕಿರಿದಾದಂತೆ ತೋರುತ್ತದೆ. ಅವನು ಮತ್ತಷ್ಟು ಅಗಲಿಸುತ್ತಾನೆ. ಮಿಡ್ಡನ್ನಷ್ಟೇ ಸ್ಯಾಚುರೇಟ್ ಮಾಡಿದರೆ ಪಾರಾದೆವು ಎಂದುಕೊಳ್ಳುವಂತಿಲ್ಲ. ಪೂರ್ತಿ ಎಡಕ್ಕಿಟ್ಟ ಗಿಟಾರು ಮಿಡ್‌ನಲ್ಲೂ ಸೈಡ್‌ನಲ್ಲೂ ಸಮಪಾಲು ಇರುತ್ತದೆ. ಒಂದನ್ನು ಮಾತ್ರ ಬಾಗಿಸಿದರೆ ಅದರ ಹಾರ್ಮೋನಿಕ್ ಬಲಕ್ಕೂ ಸೋರುತ್ತದೆ. ಬೇಲಿ ಪರದೆಯ ಮೇಲಷ್ಟೇ ಇದೆ.

ಈಗ ಎಲ್ಲರೂ ಇಯರ್‌ಫೋನಿನಲ್ಲೇ ಕೇಳುವುದು, ಎಡ ಬಲ ಕೂಡಿ ಒಂದೇ ದನಿಯಾಗುವ ಮೊನೊದ ಚಿಂತೆ ಯಾಕೆ ಎಂಬ ಆಕ್ಷೇಪ ಗಟ್ಟಿಯಾದದ್ದು. ಆದರೆ ಒಂದೇ ಇಯರ್‌ಬಡ್ ಸಿಕ್ಕಿಸಿಕೊಂಡವರು, ಅಡುಗೆಮನೆಯ ಬ್ಲೂಟೂತ್ ಸ್ಪೀಕರ್, ಜಾತ್ರೆಯ ಕಂಬಕ್ಕೆ ಕಟ್ಟಿದ ಹಾರ್ನ್ ಎಲ್ಲವೂ ಕನ್ನಡ ಹಾಡಿನ ಶ್ರೋತೃವರ್ಗವೇ. ಎಡ ಬಲ ಕೂಡಿದ ಕ್ಷಣ ಸೈಡ್ ಪೂರ್ತಿ ಅಳಿಯುತ್ತದೆ. ಸೈಡನ್ನು 6 ಡೆಸಿಬಲ್ ಏರಿಸಿ ಅದಕ್ಕೆ ತಕ್ಕಂತೆ ಕೋರಸ್ಸಿನ ಮಟ್ಟ ಇಳಿಸಿದವನ ಹಾಡು ಇಯರ್‌ಫೋನಿನಲ್ಲಿ ತುಂಬಿ ತುಳುಕಿ, ಹಾರ್ನಿನಲ್ಲಿ ಕೋರಸ್ಸೇ ಇಲ್ಲದೆ ಬಿಕೋ ಎನ್ನುತ್ತದೆ. ಬೀಟಲ್ಸ್ 1965ರ ರಬ್ಬರ್ ಸೋಲ್ ಆಲ್ಬಮ್ಮಿನ ಸ್ಟೀರಿಯೊ ಮಿಕ್ಸಿನಲ್ಲಿ ಹಾಡುವ ದನಿಯನ್ನೇ ಒಂದು ಬದಿಗೆ ಇಟ್ಟಿತ್ತಲ್ಲ, ಲೋಕ ಮುಳುಗಿತೇ ಎಂದು ಕೇಳುವವರಿಗೆ ಉತ್ತರ ಅದೇ ಉದಾಹರಣೆಯಲ್ಲಿದೆ. ಬದಿಗೆ ಪ್ಯಾನ್ ಮಾಡಿದ್ದು ಮೊನೊದಲ್ಲಿ ಸಾಯುವುದಿಲ್ಲ, ಫೇಸ್ ತಿರುವಿ ಹುಟ್ಟಿಸಿದ ಅಗಲ ಸಾಯುತ್ತದೆ. ಒಂದು ಬದಿಯನ್ನು 10 ಮಿಲಿಸೆಕೆಂಡ್ ತಡಮಾಡಿ ಅಗಲ ತೋರಿಸುವ, ಹೆಲ್ಮುಟ್ ಹಾಸ್ ಹೆಸರಿನಲ್ಲಿ ಓಡಾಡುವ ಚಮತ್ಕಾರವೂ ಅಷ್ಟೇ. ಕೂಡಿಸಿ ನೋಡಿ: 50, 150, 250 ಹರ್ಟ್ಜ್ ಹೀಗೆ ಬಾಚಣಿಗೆಯ ಹಲ್ಲಿನಂತೆ ಸಾಲುಸಾಲು ತೂತು.

ಸೂತ್ರದ ಮೊದಲ ಸಾಲು, ಬೇಸ್ ಮೊನೊ ಎಂಬುದು, ಮಾತ್ರ ನನ್ನ ಮಟ್ಟಿಗೆ ನಿಲ್ಲುತ್ತದೆ. ಸ್ಟೀರಿಯೊ ಎಲ್‌ಪಿಯ ಗೀರಿನಲ್ಲಿ ಎಡಬಲದ ವ್ಯತ್ಯಾಸ ಮುಳ್ಳನ್ನು ಮೇಲೆ ಕೆಳಗೆ ಕುಣಿಸುತ್ತದೆ. ಬೇಸಿನಲ್ಲಿ ವ್ಯತ್ಯಾಸ ಜಾಸ್ತಿಯಾದರೆ ಮುಳ್ಳು ಹಾರಿಯೇಬಿಡುತ್ತಿತ್ತು. ಮುಳ್ಳು ಹೋದರೂ ತೀರಾ ತಗ್ಗಿನ ದನಿಯ ದಿಕ್ಕು ಕೋಣೆಯಲ್ಲಿ ಕಿವಿಗೆ ಸರಿಯಾಗಿ ಸಿಗುವುದಿಲ್ಲ ಎಂಬುದು ಹೋಗಿಲ್ಲ.

ಕಿವಿಗೆ ಇಂಪಾದರೆ ಸಾಕಲ್ಲ ಎಂಬುದು ಕೊನೆಯ ವಾದ. ಕಿವಿಯೇ ನ್ಯಾಯಾಧೀಶ, ಸರಿ, ಆದರೆ ಈ ನ್ಯಾಯಾಧೀಶ ಲಂಚ ತಿನ್ನುತ್ತಾನೆ, ಲಂಚದ ಹೆಸರು ಸದ್ದು. ದನಿ ಜೋರಾದಷ್ಟೂ ಬೇಸ್ ಮತ್ತು ಮೇಲಿನ ಶ್ರೇಣಿ ಕಿವಿಗೆ ಹೆಚ್ಚು ತುಂಬಿಕೊಂಡು ಕೇಳಿಸುವುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಡ್ರೈವ್ ಏರಿಸಿದರೂ ಸೈಡ್ ಏರಿಸಿದರೂ ಒಟ್ಟು ಮಟ್ಟ ಸಾಧಾರಣವಾಗಿ ಏರುತ್ತದೆ. ಮಟ್ಟ ಸರಿಸಮ ಮಾಡಿಕೊಳ್ಳದೆ ಹೋಲಿಸಿದರೆ ತೀರ್ಪು ಮೊದಲೇ ಬರೆದಾಗಿದೆ.

ಹೀಗಾಗಿ ಅಗಲ ಮೊದಲು ಹಾಡಿನ ಜೋಡಣೆಯಲ್ಲೇ ಬರಬೇಕು: ಕೋರಸ್ಸನ್ನು ಎರಡು ಸಲ ಹಾಡಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಸಿಗುವ ಹರವನ್ನು ಯಾವ ಇಮೇಜರೂ ಕೊಡದು. ಸ್ಯಾಚುರೇಶನ್ ಒಂದೊಂದು ಟ್ರ್ಯಾಕಿನ ಮೇಲೆ ಇರಲಿ, ಪಟ್ಟಿ ಎರಡೋ ಮೂರೋ ಸಾಕು, ಕ್ರಾಸ್‌ಓವರ್ ಗಾಯಕರ ಸ್ಥಾಯಿಯಿಂದ ದೂರವಿರಲಿ. ಸೈಡ್ ಮುಟ್ಟುವುದಾದರೆ ಅದೆಲ್ಲ ಮುಗಿದ ಮೇಲೆ, ಚೂರೇ ಚೂರು. ಮಾಸ್ಟರಿನ ಮೇಲೆ ನಾಲ್ಕು ಪಟ್ಟಿಗೆ ನಾಲ್ಕು ಅಗಲದ ಪ್ರೀಸೆಟ್ ಕೂತಿದ್ದರೆ ಅದನ್ನು ತೆಗೆಯಿರಿ, ಮಟ್ಟ ಸರಿಸಮ ಮಾಡಿ, ಮೊನೊ ಬಟನ್ ಒತ್ತಿ ಪಲ್ಲವಿಯನ್ನು ಇನ್ನೊಮ್ಮೆ ಕೇಳಿ.