ಪ್ರಾಣಿಸಾಹಚರ್ಯ ಚಿಕಿತ್ಸೆ: ಹಾಸನದ ಕೊಟ್ಟಿಗೆಯಿಂದ ಒಂದು ವಿಮರ್ಶೆ

ನರರೋಗಪೀಡಿತರಾದ ವಯಸ್ಕರಿಗೆ ಪ್ರಾಣಿಗಳ ಒಡನಾಟದ ಮೂಲಕ ಚಿಕಿತ್ಸೆ ನೀಡುವ ಪದ್ಧತಿಯನ್ನು ಕುರಿತು ಪಾಶ್ಚಾತ್ಯ ದೇಶಗಳಲ್ಲಿ ಸಾಕಷ್ಟು ಬರೆವಣಿಗೆ ನಡೆದಿದೆ. ಅದನ್ನು ಹಾಸನ ಜಿಲ್ಲೆಯ ಒಕ್ಕಲು ಮನೆಯ ಕೊಟ್ಟಿಗೆಯಲ್ಲಿ ನಿಂತು ಓದಿದರೆ ಉಳಿಯುವುದೆಷ್ಟು ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಸ್ತಾಪ ಬಂದಲ್ಲೆಲ್ಲ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರನ್ನು ನೆನೆಯುವುದು ವಾಡಿಕೆ. 1944ರಲ್ಲಿ ಪೋಲಿಯೋ ತಗುಲಿ ಮೊಣಕಾಲಿನಿಂದ ಕೆಳಗೆ ಸ್ವಾಧೀನ ತಪ್ಪಿದ ಆಕೆ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಬೆಳ್ಳಿಯ ಪದಕ ಗೆದ್ದರು. ಪ್ರಸಂಗ ಮನಮುಟ್ಟುವಂಥದು. ಆದರೆ ಆಕೆ ರೋಗಕ್ಕೆ ಮುಂಚೆಯೇ ನುರಿತ ಸವಾರೆ; ಒಬ್ಬರ ಸಾಹಸ ಒಂದು ಪದ್ಧತಿಗೆ ಪ್ರಮಾಣವಾಗದು. ಹೆಚ್ಚು ತೂಕವುಳ್ಳದ್ದು ಜರ್ಮನಿಯ ಐದು ಕೇಂದ್ರಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳು 70 ಮಂದಿಯನ್ನು ಒಳಗೊಂಡು ನಡೆದು, 2017ರಲ್ಲಿ ಪ್ರಕಟವಾದ ಪರೀಕ್ಷೆ. ವಾರಕ್ಕೊಮ್ಮೆಯಂತೆ 12 ವಾರ ಕುದುರೆಯ ಮೇಲೆ ಕುಳಿತವರ ದೇಹದ ಸಮತೋಲ ಉಳಿದವರಿಗಿಂತ ಸುಧಾರಿಸಿತು. ಕುದುರೆಯ ನಡಿಗೆಯು ಸವಾರನ ಸೊಂಟವನ್ನು, ಆತನೇ ನಡೆಯುತ್ತಿರುವನೋ ಎಂಬಂತೆ ಅಲುಗಿಸುತ್ತದೆಂದು ಇದಕ್ಕೆ ಕಾರಣ ಹೇಳುತ್ತಾರೆ. ಆದರೂ ತನಗೆ ಕುದುರೆ ದೊರೆಯಿತೋ ಇಲ್ಲವೋ ಎಂಬುದನ್ನು ರೋಗಿಯಿಂದ ಮರೆಮಾಚಲಾಗದು; ಹೊಸತನದ ಉತ್ಸಾಹವೂ ಲೆಕ್ಕದೊಳಕ್ಕೆ ಸೇರಿಬಿಡುತ್ತದೆ.

ಆಸ್ಟ್ರೇಲಿಯದಲ್ಲಿ ನಡೆದು ಅದೇ ವರ್ಷ ಪ್ರಕಟವಾದ ಇನ್ನೊಂದು ಪರೀಕ್ಷೆ ನಮ್ಮ ಸಂದೇಹವನ್ನು ಹೆಚ್ಚಿಸುತ್ತದೆ. ಮರೆವಿನ ರೋಗದ 415 ಮಂದಿ ವೃದ್ಧರಲ್ಲಿ ಕೆಲವರಿಗೆ ಜಪಾನಿನ 'ಪಾರೋ' ಎಂಬ, ಸೀಲ್ ಮರಿಯಂತಿರುವ ಯಂತ್ರವನ್ನು ಕೊಟ್ಟರು. ಕೆಲವರಿಗೆ ಅದನ್ನೇ ಚಲನೆಯಡಗಿಸಿ ಬರಿಯ ಬೊಂಬೆಯಾಗಿ ಕೊಟ್ಟರು. ಯಂತ್ರವು ಬೊಂಬೆಯನ್ನು ಮೀರಿಸಿದ್ದು ರೋಗಿಯ ಗಮನವನ್ನು ಸೆಳೆದು ಹಿಡಿಯುವುದರಲ್ಲಿ ಮಾತ್ರ. ಇಲ್ಲಿ ಪ್ರಾಣಿಯೇ ಇಲ್ಲವಷ್ಟೆ! ಹಾಗಾದರೆ ಉಪಶಮನವು ಪ್ರಾಣಿಯಿಂದಲೋ, ಕೈಗೊಂದು ಮೆತ್ತನೆಯ ಆಸರೆ ದೊರೆತುದರಿಂದಲೋ?

ಈಗ ನಮ್ಮ ಕಡೆಗೆ ಬರೋಣ. ಬೂಕನಬೆಟ್ಟದ ಜಾತ್ರೆಯಲ್ಲಿ ಹಲ್ಲು ನೋಡಿ, ಮೈ ತಡವಿ ಹಳ್ಳಿಕಾರ್ ಜೋಡಿಯನ್ನು ಕೊಳ್ಳುವ ಚನ್ನರಾಯಪಟ್ಟಣದ ರೈತನಿಗೆ ಪ್ರಾಣಿಯು ಚಿಕಿತ್ಸಕನೊಡನೆ ಬಂದುಹೋಗುವ ಅತಿಥಿಯಲ್ಲ. ಪಾರ್ಶ್ವವಾಯು, ಜನರ ಮಾತಿನಲ್ಲಿ ಲಕ್ವ, ಹೊಡೆದಾಗ ಆತನಿಗೆ ತಪ್ಪಿಹೋಗುವುದು ಅದರ ಸಂಗವಲ್ಲ, ಕೆಲಸ: ಹುಲ್ಲು ಹಾಕುವುದು, ಮೈ ಉಜ್ಜುವುದು, ಕಣ್ಣಿ ಬಿಚ್ಚುವುದು. ಸೋತ ಕೈಯಿಂದ ಉದ್ದೇಶವುಳ್ಳ ಚಲನೆಯನ್ನು ಮತ್ತೆ ಮತ್ತೆ ಮಾಡಿಸುವುದು ಪುನಶ್ಚೇತನ ಚಿಕಿತ್ಸೆಯಲ್ಲಿ ಒಪ್ಪಿತವಾದ ಕ್ರಮ. ಅಂಥ ಚಲನೆಗಳು ಕೊಟ್ಟಿಗೆಯಲ್ಲಿ ಹೇರಳವಾಗಿವೆ. ಯಜಮಾನ ಮಲಗಿದೊಡನೆ ಔಷಧದ ಖರ್ಚಿಗೆಂದು ರಾಸುಗಳನ್ನು ಮಾರಿದರೆ, ಬಹುಶಃ ಅಭ್ಯಾಸದ ಸಾಧನವೂ ಸಂತೆಗೆ ಹೋಗುತ್ತದೆ. 'ಬಹುಶಃ' ಎಂದು ಬೇಕೆಂದೇ ಬರೆದಿದ್ದೇವೆ.

ಅಪಾಯಗಳೂ ಉಂಟು. ಕಾಲು ನಿಲ್ಲದವನಿಗೆ ಕೊಂಬು, ಒದೆತ, ಗಂಜಳದಿಂದ ಜಾರುವ ನೆಲ ಇವು ಸಣ್ಣ ಮಾತಲ್ಲ. ದನಗಳಿಂದ ಹರಡುವ ಬ್ರುಸೆಲ್ಲಾ ಸೋಂಕು ಕೆಲವೊಮ್ಮೆ ನರಮಂಡಲವನ್ನೇ ಹಿಡಿಯುತ್ತದೆ. ಆದುದರಿಂದ ಈ ವಿಚಾರದಲ್ಲಿ ಪಶುವೈದ್ಯರನ್ನು ಬಿಟ್ಟು ವೈದ್ಯರು ಮುಂದುವರಿಯುವಂತಿಲ್ಲ. ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಇದೆ, ಪಶುವೈದ್ಯಕೀಯ ಕಾಲೇಜೂ ಇದೆ. ಇವೆರಡೂ ಕೂಡಿ ಪರೀಕ್ಷೆಯೊಂದನ್ನು ನಡೆಸಬಹುದು. ಒಂದು ಗುಂಪಿನ ರೋಗಿಗಳು ಹಸುವಿನ ಮೈ ಉಜ್ಜಲಿ. ಇನ್ನೊಂದು ಗುಂಪಿನವರು ಅದೇ ಚಲನೆಯನ್ನು ಅಷ್ಟೇ ಸಲ ಮೇಜಿನ ಮೇಲೆ ಮಾಡಲಿ. ಆರು ತಿಂಗಳ ತರುವಾಯ ಕೈಯ ಬಲವನ್ನಳೆಯುವುದರೊಡನೆ, ಎಷ್ಟು ಮಂದಿ ಅಭ್ಯಾಸವನ್ನು ಬಿಡದೆ ನಡೆಸುತ್ತಿದ್ದಾರೆಂಬುದನ್ನೂ ಎಣಿಸಬೇಕು.