ಲೇಖನಿಯ ದುಡಿಮೆ: ವಿಮರ್ಶೆ ಮರೆತ ಒಂದು ಪ್ರಶ್ನೆ

ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರದಂದು ಮುಚ್ಚಿದ ಅಂಗಡಿಗಳ ಮುಂದೆ ಹಳೆಯ ಪುಸ್ತಕಗಳ ಸಂತೆ ನೆರೆಯುತ್ತದೆ. ಅಲ್ಲಿ ಕನ್ನಡ ಕಾದಂಬರಿಯೊಂದು ದೊರೆತರೆ ಹೊರನಾಡಿನ ಸಂಶೋಧಕನಿಗೆ ಅದು ಲಾಭವೇ ಸರಿ. ಲೇಖಕನಿಗೆ ಮಾತ್ರ ಬಿಡಿಗಾಸೂ ಸಲ್ಲುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಒಮ್ಮೆ ಮಾರಾಟವಾದ ಮುದ್ರಿತ ಪ್ರತಿಯ ಮರುಮಾರಾಟದಲ್ಲಿ ಅವನಿಗೆ ಪಾಲಿಲ್ಲ. ಕೃತಿಗೆ ಓದುಗರಿರುವುದೂ ಕೃತಿಕಾರ ಅದರಿಂದ ಬದುಕುವುದೂ ಒಂದೇ ಅಲ್ಲ.

ಸಾಹಿತ್ಯವನ್ನು ಸೇವೆಯೆಂದೂ ತಪಸ್ಸೆಂದೂ ಬಣ್ಣಿಸುವ ನಮ್ಮ ವಿಮರ್ಶೆ ಈ ಅಂತರವನ್ನು ಹೆಚ್ಚಾಗಿ ಗಮನಿಸಿಲ್ಲ. ನವೋದಯದ ಹಲವರಿಗೆ ಬೇರೆ ವೃತ್ತಿಯ ಆಸರೆಯಿತ್ತು: ಮಾಸ್ತಿಯವರಿಗೆ 1943ರವರೆಗೆ ಮೈಸೂರು ಸರ್ಕಾರದ ಹುದ್ದೆ, ಕುವೆಂಪು ಅವರಿಗೆ ಅಧ್ಯಾಪನ. ಉರ್ದು ಆಡಳಿತಭಾಷೆಯಾಗಿದ್ದ ಹೈದರಾಬಾದು ಸಂಸ್ಥಾನದಲ್ಲಿ ಕನ್ನಡ ಬರಹವನ್ನೇ ನಂಬಿ ಬದುಕುವುದು ಮತ್ತೂ ಕಠಿಣವಾಗಿತ್ತು. ಸಿದ್ಧಯ್ಯ ಪುರಾಣಿಕರೂ ಸರ್ಕಾರಿ ಅಧಿಕಾರಿಗಳಾಗಿದ್ದವರೇ.

ಗಳಗನಾಥರ (1869–1942) ಸ್ಥಿತಿ ಬೇರೆ. ಶಾಲಾ ಶಿಕ್ಷಕರಾಗಿದ್ದ ಅವರು ಪತ್ರಿಕೆ ನಡೆಸಿದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದದ್ದನ್ನು ಸ್ವಂತಿಕೆಯ ಕೊರತೆಯೆಂದು ಎಣಿಸುವುದು ಸುಲಭ. ಆದರೆ ಗದ್ಯಕಾದಂಬರಿಗೆ ಓದುಗರೇ ವಿರಳವಾಗಿದ್ದಾಗ ಆ ಓದುಗವರ್ಗವನ್ನು ಅವರು ಕಟ್ಟಬೇಕಾಗಿತ್ತು. ಕಥೆಯ ಕುತೂಹಲ, ನೀತಿಬೋಧೆ, ವಿಸ್ತಾರ ಇವುಗಳನ್ನು ಆ ಅಗತ್ಯದಿಂದ ಬೇರ್ಪಡಿಸಿ ಅಳೆಯುವುದು ಅಪೂರ್ಣ ವಿಮರ್ಶೆ.

ಅ.ನ.ಕೃ. (1908–1971) ಅವರಲ್ಲಿ ಈ ಪ್ರಶ್ನೆ ಇನ್ನಷ್ಟು ತೊಡಕಿನದು. ಬರವಣಿಗೆಯನ್ನೇ ವೃತ್ತಿಯಾಗಿಸಿಕೊಂಡು ನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ರಚಿಸಿದ ಅವರ ಬರಹದಲ್ಲಿ ಪುನರಾವೃತ್ತಿಯಿದೆ, ಶೈಥಿಲ್ಯವೂ ಇದೆ. ಇದನ್ನು ಪ್ರತಿಭೆಯ ದೋಷವೆಂದಷ್ಟೇ ಹೇಳಿ ಮುಗಿಸಿದರೆ, ಮುಂದಿನ ಪುಸ್ತಕವೇ ಮುಂದಿನ ತಿಂಗಳ ಖರ್ಚಿಗೆ ಆಧಾರವಾಗುವ ಬದುಕಿನ ಒತ್ತಡ ಲೆಕ್ಕಕ್ಕೆ ಬಾರದೆ ಹೋಗುತ್ತದೆ.

ಹಾಗೆಂದು ಅಗತ್ಯವೇ ಗುಣವನ್ನು ನಿರ್ಧರಿಸುತ್ತದೆ ಎನ್ನುವಂತಿಲ್ಲ. ಸಂಬಳದ ನೆಮ್ಮದಿಯಿಲ್ಲದೆ, ಪುತ್ತೂರಿನಲ್ಲಿ ಮುದ್ರಣ-ಪ್ರಕಾಶನಗಳ ಹೊರೆಯನ್ನೂ ಹೊತ್ತು ಬರೆದ ಶಿವರಾಮ ಕಾರಂತರಿಂದಲೇ 'ಚೋಮನ ದುಡಿ' (1933) ಬಂದಿತು. ಆದ್ದರಿಂದ ಜೀವನೋಪಾಯದ ಅರಿವು ವಿಮರ್ಶಕನಿಗೆ ಸಿದ್ಧ ತೀರ್ಪನ್ನು ಒದಗಿಸುವುದಿಲ್ಲ. ಅವಸರದ ತೀರ್ಪನ್ನು ತಡೆಯುತ್ತದೆ.

ಹೊರನಾಡಿನ ಸಂಶೋಧಕರು ಕೃತಿಯ ಪಠ್ಯದ ಜೊತೆಗೆ ಅದರ ಬೆಲೆ, ಮುದ್ರಣ, ಪ್ರಕಾಶಕರು, ಮರುಮುದ್ರಣಗಳ ವಿವರಗಳನ್ನೂ ದಾಖಲಿಸುವುದು ಅವಶ್ಯ. ಅಬಿಡ್ಸ್‌ನ ಪಾದಚಾರಿ ಮಾರ್ಗದಲ್ಲಿ ಸಿಗುವ ಹರಿದ ಪ್ರತಿಯ ಮುಖಪುಟದ ಹಿಂಬದಿಯೂ ಈ ದೃಷ್ಟಿಯಿಂದ ಸಾಹಿತ್ಯ ಚರಿತ್ರೆಯ ಆಕರವೇ.